‘ಮೇಡಂ, ಹತ್ತೇ ವರ್ಷ ಅಂತ ಇತ್ತಲ್ವಾ?’: ತಪ್ಪು ತಿಳಿವಳಿಕೆ ಹೊತ್ತು ಬರುವ ಡಿಗ್ರಿ ಮಕ್ಕಳಿಗೆ ಪಾಠ ಮಾಡುವುದು ಹೇಗೆ

ಊಟ ಆದಮೇಲಿನ ಪೀರಿಯಡ್. ಬಿ.ಕಾಂ. ಎರಡನೇ ಸೆಮಿಸ್ಟರ್, ಭಾರತದ ಸಂವಿಧಾನದ ಪೇಪರ್. ಅರ್ಧ ಕ್ಲಾಸು ತೂಕಡಿಸುತ್ತಿತ್ತು. ಮೂರನೇ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ.

“ಮೇಡಂ, ಮೀಸಲಾತಿ ಹತ್ತೇ ವರ್ಷಕ್ಕೆ ಅಂತ ಅಂಬೇಡ್ಕರ್ ಅವರೇ ಹೇಳಿದ್ರಂತಲ್ಲ, ಮತ್ಯಾಕೆ ಇನ್ನೂ ಇದೆ?”

ಆಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. “ವಾಟ್ಸಾಪ್ ಯೂನಿವರ್ಸಿಟಿಲಿ ಓದಿದ್ರೆ ಹಿಂಗೇ ಆಗೋದು” ಎಂದುಬಿಟ್ಟೆ. ಕ್ಲಾಸು ಗೊಳ್ಳೆಂದು ನಕ್ಕಿತು. ನನಗೂ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಹುಡುಗ ಕೂತ. ಆ ಸೆಮಿಸ್ಟರ್ ಮುಗಿಯುವವರೆಗೂ ಮತ್ತೆ ಕೈ ಎತ್ತಲಿಲ್ಲ. ಇಂಟರ್ನಲ್ ಟೆಸ್ಟಿನಲ್ಲಿ ಮೀಸಲಾತಿಯ ಪ್ರಶ್ನೆಗೆ ಗೈಡಿನ ಉತ್ತರವನ್ನು ಅಚ್ಚುಕಟ್ಟಾಗಿ ಬರೆದಿದ್ದ. ನಾನೂ ಒಳ್ಳೆಯ ಮಾರ್ಕ್ಸ್ ಕೊಟ್ಟೆ. ಮುಂದಿನ ವಾರ ಅವನ ಸ್ಟೇಟಸ್ಸಿನಲ್ಲಿ ಅದೇ ‘ಹತ್ತು ವರ್ಷ’ದ ಪೋಸ್ಟರ್ ಇತ್ತು.

ಅಂದರೆ ನಾನು ಅವನಿಗೆ ಏನನ್ನೂ ಕಲಿಸಿರಲಿಲ್ಲ. ಮೇಡಂ ಮುಂದೆ ಬಾಯಿ ಬಿಡಬಾರದು ಎಂಬುದನ್ನು ಮಾತ್ರ ಕಲಿಸಿದ್ದೆ.

ಆಮೇಲಿನ ವರ್ಷಗಳಲ್ಲಿ ಬಿದ್ದು ಎದ್ದು ಒಂದು ಕ್ರಮ ಮಾಡಿಕೊಂಡಿದ್ದೇನೆ. ಹೊಸದಾಗಿ ಸೇರಿದ ಲೆಕ್ಚರರ್‌ಗಳಿಗೆ, ಅದರಲ್ಲೂ ಅತಿಥಿ ಉಪನ್ಯಾಸಕರಿಗೆ, ಉಪಯೋಗ ಆಗಬಹುದು ಎಂದು ಬರೆಯುತ್ತಿದ್ದೇನೆ. ನನ್ನದು ರಾಜ್ಯಶಾಸ್ತ್ರ. ವಿಜ್ಞಾನದ ಉದಾಹರಣೆ ಬೇಕಾದಲ್ಲಿ ನಮ್ಮ ಫಿಸಿಕ್ಸ್ ಸರ್ ಹತ್ತಿರ ಸಾಲ ತಂದಿದ್ದೇನೆ.

ಹೆಜ್ಜೆ 1: ಮೊದಲು ಆರಿಸಿ

ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಹುಡುಗರು ಹೇಳುವ ‘ತಪ್ಪು’ ಮಾತುಗಳಲ್ಲಿ ಮೂರು ಥರ ಇರುತ್ತವೆ, ಮೂರಕ್ಕೂ ಮದ್ದು ಬೇರೆ ಬೇರೆ.

ಒಂದು, ಮಾಹಿತಿಯೇ ತಪ್ಪು. “ಹಿಂದಿ ನಮ್ಮ ರಾಷ್ಟ್ರಭಾಷೆ” ಎನ್ನುವುದು ಈ ಜಾತಿಯದು. ಸಂವಿಧಾನದ 343ನೇ ವಿಧಿ ದೇವನಾಗರಿ ಲಿಪಿಯ ಹಿಂದಿಯನ್ನು ಒಕ್ಕೂಟದ ಆಡಳಿತ ಭಾಷೆ ಎಂದು ಹೇಳುತ್ತದೆ. ರಾಷ್ಟ್ರಭಾಷೆ ಎಂದು ಯಾವ ಭಾಷೆಯನ್ನೂ ಕರೆದಿಲ್ಲ. ಪುಸ್ತಕ ತೆಗೆದು ತೋರಿಸಿದರೆ ಮುಗಿಯಿತು.

ಎರಡು, ಅಭಿಪ್ರಾಯ. “ಮೀಸಲಾತಿಗೆ ಆದಾಯವನ್ನೂ ನೋಡಬೇಕು” ಎಂದು ಯಾರಾದರೂ ಹೇಳಿದರೆ ಅದು ನಿಮಗೆ ಹಿಡಿಸದೇ ಇರಬಹುದು. ಆದರೆ ಅದು ತಪ್ಪು ಮಾಹಿತಿಯಲ್ಲ. ದೇಶದ ಕೋರ್ಟುಗಳಲ್ಲೇ ವಾದ ನಡೆದ ವಿಷಯ. ಅದನ್ನು ಕೆಂಪು ಪೆನ್ನಿನಿಂದ ತಿದ್ದುವ ಅಧಿಕಾರ ನಮಗಿಲ್ಲ.

ಮೂರು, ಪಕ್ಕದಲ್ಲಿ ಕೂತವರನ್ನು ಕೀಳಾಗಿ ಕಾಣುವ ಮಾತು. ಜಾತಿ ಹಿಡಿದು, ಧರ್ಮ ಹಿಡಿದು, ಹೆಣ್ಣುಮಕ್ಕಳ ಬಟ್ಟೆ ಹಿಡಿದು ಆಡುವ ಮಾತು. ಇಲ್ಲಿ ಚರ್ಚೆ ಇಲ್ಲ. ಅಲ್ಲೇ ನಿಲ್ಲಿಸಬೇಕು. “ಈ ಮಾತು ಈ ಕ್ಲಾಸಿನಲ್ಲಿ ಬೇಡಪ್ಪಾ. ಕ್ಲಾಸು ಮುಗಿದ ಮೇಲೆ ಬಂದು ನೋಡು” ಎಂದಷ್ಟೇ ಹೇಳಿ ಪಾಠ ಮುಂದುವರಿಸಿ. ಆಮೇಲೆ ಅವನನ್ನು ಕರೆದು ಮಾತಾಡುವುದನ್ನು ಮರೆಯಬೇಡಿ. ಮತ್ತೆ ಮಾಡಿದರೆ ಪ್ರಿನ್ಸಿಪಾಲರಿಗೆ ಬರಹದಲ್ಲಿ ತಿಳಿಸಿ.

ನಾವು ಜಾಸ್ತಿ ಎಡವುವುದು ಎರಡನೆಯದನ್ನು ಒಂದನೆಯದು ಎಂದುಕೊಂಡಾಗ. ನಮಗೆ ಒಪ್ಪಿಗೆಯಿಲ್ಲದ್ದೆಲ್ಲ ಅಜ್ಞಾನವಾಗಿ ಕಾಣುತ್ತದೆ.

ಆರಿಸುವಾಗ ನಿಮ್ಮ ತಟ್ಟೆಯನ್ನೂ ಒಮ್ಮೆ ನೋಡಿಕೊಳ್ಳಿ. ಒಂದು ಶಿಕ್ಷಕರ ದಿನಾಚರಣೆಯಲ್ಲಿ ನಾನು ಬ್ರಿಟಿಷ್ ಆಡಳಿತದ ಅಧಿಕಾರಿ ಮೆಕಾಲೆಯ ಹೆಸರಿನ ಒಂದು ಮಾತನ್ನು ವೇದಿಕೆ ಮೇಲೆ ಗಂಟಲು ಬಿಗಿಯುವಂತೆ ಓದಿದ್ದೆ. ಭಾರತದ ಉದ್ದಗಲ ತಿರುಗಿದೆ, ಒಬ್ಬ ಭಿಕ್ಷುಕನನ್ನೂ ಒಬ್ಬ ಕಳ್ಳನನ್ನೂ ನೋಡಲಿಲ್ಲ ಎಂದು ಅವನು ಹೇಳಿದನಂತೆ. ನೀವೂ ಕೇಳಿರುತ್ತೀರಿ. ಭರ್ಜರಿ ಚಪ್ಪಾಳೆ ಬಿತ್ತು. ಅದರ ಕಥೆಗೆ ಆಮೇಲೆ ಬರುತ್ತೇನೆ.

ಹೆಜ್ಜೆ 2: ಹೆಸರಿಲ್ಲದ ಚೀಟಿ

ಸೆಮಿಸ್ಟರಿನ ಮೊದಲ ವಾರ ಐದಾರು ವಾಕ್ಯಗಳನ್ನು ಓದಿ ಹೇಳಿ. ಎಲ್ಲರೂ ಚೀಟಿಯಲ್ಲಿ ನಿಜ, ಸುಳ್ಳು, ಗೊತ್ತಿಲ್ಲ ಎಂದು ಬರೆಯಲಿ. ಹೆಸರು, ರೋಲ್ ನಂಬರ್ ಏನೂ ಬೇಡ. ನಾನು ಓದುವ ವಾಕ್ಯಗಳು ಇವು:

ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ.
ಹಿಂದಿ ನಮ್ಮ ರಾಷ್ಟ್ರಭಾಷೆ.
ಜನಗಣಮನ ಜಗತ್ತಿನ ಅತ್ಯುತ್ತಮ ರಾಷ್ಟ್ರಗೀತೆ ಎಂದು ಯುನೆಸ್ಕೊ ಘೋಷಿಸಿದೆ.
ಅತಿ ಹೆಚ್ಚು ಜ್ಞಾನಪೀಠ ಬಂದಿರುವುದು ಕನ್ನಡಕ್ಕೆ.
ಮೂಲಭೂತ ಕರ್ತವ್ಯಗಳು 1950ರಿಂದಲೂ ಸಂವಿಧಾನದಲ್ಲಿವೆ.
ಮೀಸಲಾತಿಗೆ ಹತ್ತು ವರ್ಷದ ಗಡುವು ಇತ್ತು.

ಐದನೆಯದು 1976ರ 42ನೇ ತಿದ್ದುಪಡಿಯಲ್ಲಿ ಬಂದದ್ದು, ಅದು ನಮ್ಮ ಸಿಲಬಸ್ಸಿನಲ್ಲೇ ಇದೆ. ಸುಮ್ನೆ ಜೊತೆಗೆ ಸೇರಿಸಿರುತ್ತೇನೆ.

ಚೀಟಿಗಳನ್ನು ಎಣಿಸಿ ಇಟ್ಟುಕೊಳ್ಳಿ. ಎಸೆಯಬೇಡಿ, ಕೊನೆಗೆ ಬೇಕು. ಈ ಕೆಲಸದಿಂದ ಎರಡು ಲಾಭ. ಯಾವ ನಂಬಿಕೆ ಎಷ್ಟು ಹರಡಿದೆ ಎಂದು ನಿಮಗೆ ಗೊತ್ತಾಗುತ್ತದೆ. ಮುಂದೆ ಆ ವಿಷಯ ಬಂದಾಗ “ಇಲ್ಲಿ ತುಂಬಾ ಜನ ಹೀಗೆ ಬರೆದಿದ್ರಿ” ಎಂದು ಹೇಳಬಹುದು. ಒಬ್ಬನ ಮುಖ ಕೆಂಪಾಗುವುದು ತಪ್ಪುತ್ತದೆ.

ಹೆಜ್ಜೆ 3: ಬಿಸಿ ಇಲ್ಲದ ಕಡೆಯಿಂದ ಶುರು ಮಾಡಿ

ಈಜು ಕಲಿಸುವವರು ಮೊದಲ ದಿನವೇ ಮಳೆಗಾಲದ ಹೊಳೆಗೆ ಇಳಿಸುವುದಿಲ್ಲ. ಹಾಕಿಯಿಂದ ಶುರು ಮಾಡಿ. ಹಾಕಿಯನ್ನು ರಾಷ್ಟ್ರೀಯ ಕ್ರೀಡೆ ಎಂದು ಸರ್ಕಾರ ಅಧಿಕೃತವಾಗಿ ಘೋಷಿಸಿಲ್ಲ. ಇದನ್ನು ಕೇಳಿದರೆ ಯಾರಿಗೂ ನೋವಾಗುವುದಿಲ್ಲ, “ಹೌದಾ!” ಎನ್ನುತ್ತಾರೆ ಅಷ್ಟೆ. ತಾನು ನಂಬಿದ್ದು ತಪ್ಪಾಗಿದ್ದರೂ ಆಕಾಶ ಕಳಚಿ ಬೀಳುವುದಿಲ್ಲ ಎಂಬ ಅನುಭವ ಮೊದಲು ಆಗಬೇಕು.

ಆಮೇಲೆ ಹಿಂದಿಯ ವಿಷಯ. ಇದು ನಮ್ಮ ಹುಡುಗರಿಗೆ ಬಲು ಇಷ್ಟ. 343ನೇ ವಿಧಿ ಓದಿದ ತಕ್ಷಣ ಕೊನೇ ಬೆಂಚಿನಿಂದ ಶಿಳ್ಳೆ ಬೀಳುತ್ತದೆ. ಶಿಳ್ಳೆ ಬೀಳಲಿ. ಅದು ತಣ್ಣಗಾಗುವ ಮೊದಲೇ ಜ್ಞಾನಪೀಠ ಎತ್ತಿಕೊಳ್ಳಿ.

ಕನ್ನಡಕ್ಕೆ ಬಂದಿರುವುದು 8. ಕುವೆಂಪು ಅವರಿಂದ ಕಂಬಾರರವರೆಗೆ ಹೆಸರುಗಳನ್ನು ಹುಡುಗರೇ ಹೇಳುತ್ತಾರೆ. ಹಿಂದಿಯ ಪಟ್ಟಿಯನ್ನೂ ಅವರಿಂದಲೇ ಹುಡುಕಿಸಿ. 1968ರಲ್ಲಿ ಸುಮಿತ್ರಾನಂದನ ಪಂತ್ ಅವರಿಂದ ಹಿಡಿದು 2024ರ ಪ್ರಶಸ್ತಿ ಪಡೆದ ವಿನೋದ್ ಕುಮಾರ್ ಶುಕ್ಲ ಅವರವರೆಗೆ ಎಣಿಸಿದರೆ 12 ಲೇಖಕರು. ಕ್ಲಾಸಿನ ಮುಖ ಸಪ್ಪಗಾಗುತ್ತದೆ. ಒಬ್ಬ ಹುಡುಗಿ ಅಂತೂ “ಮೇಡಂ, ನಮ್ಮ ಸ್ಕೂಲಲ್ಲಿ ಹಂಗೇ ಹೇಳ್ಕೊಟ್ಟಿದ್ರು” ಎಂದು ನನ್ನ ಮೇಲೇ ಮುನಿಸಿಕೊಂಡಳು.

ಅವಳ ಸ್ಕೂಲು ತಪ್ಪು ಹೇಳಿರಲಿಲ್ಲ, ಹಳೆಯದನ್ನು ಹೇಳಿತ್ತು. 1998ರಲ್ಲಿ ಕಾರ್ನಾಡರಿಗೆ ಬಂದಾಗ ಕನ್ನಡಕ್ಕೆ 7 ಆಯಿತು. ಮರುವರ್ಷ ನಿರ್ಮಲ್ ವರ್ಮಾ ಅವರಿಗೆ ಬಂದ ಮೇಲೂ ಹಿಂದಿಗೆ ಇದ್ದದ್ದು 6. ಆಗ ಕನ್ನಡವೇ ಮುಂದಿತ್ತು. ಲೆಕ್ಕ ಬದಲಾಯಿತು, ನಮ್ಮ ವಾಕ್ಯ ಬದಲಾಗಲಿಲ್ಲ. ಇಷ್ಟು ಹೇಳಿದ ಮೇಲೆ ಅವಳ ಮುಖ ಸಡಿಲವಾಯಿತು.

ನನಗೆ ಇಡೀ ವಿಷಯದ ಕೀಲಿ ಸಿಕ್ಕಿದ್ದು ಆ ದಿನ. ಬಹುಪಾಲು ತಪ್ಪು ನಂಬಿಕೆಗಳ ಹೊಟ್ಟೆಯಲ್ಲಿ ಒಂದು ಕಾಳಿನಷ್ಟು ನಿಜ ಇರುತ್ತದೆ. ಹುಡುಗರು ಗಟ್ಟಿಯಾಗಿ ಹಿಡಿದುಕೊಂಡಿರುವುದು ಆ ಕಾಳನ್ನು. ನಾವು ಇಡೀ ಮಾತನ್ನೇ ‘ಸುಳ್ಳು’ ಎಂದಾಗ ಅವರಿಗೆ ಆ ಕಾಳು ನೆನಪಾಗುತ್ತದೆ. ಮೇಡಮ್ಮಿಗೇ ಗೊತ್ತಿಲ್ಲ ಎಂದುಕೊಳ್ಳುತ್ತಾರೆ. ಆದ್ದರಿಂದ ಮೊದಲು ಕಾಳನ್ನು ಹುಡುಕಿ, ಒಪ್ಪಿಕೊಂಡು, ಆಮೇಲೆ ಹೊಟ್ಟು ತೂರಬೇಕು.

ಹೆಜ್ಜೆ 4: ಕಾಳು ಹುಡುಕುವುದು (ಹತ್ತು ವರ್ಷದ ಕಥೆ)

ಈಗ ಮೂರನೇ ಬೆಂಚಿನ ಹುಡುಗನ ಪ್ರಶ್ನೆಗೆ ಬರೋಣ. ಅವನ ನಂತರ ಪ್ರತಿ ವರ್ಷವೂ ಯಾರಾದರೂ ಒಬ್ಬರು ಅದನ್ನು ಕೇಳೇ ಕೇಳುತ್ತಾರೆ. ಈಗ ನನ್ನ ಮೊದಲ ಮಾತು ಹೀಗಿರುತ್ತದೆ:

“ಹೌದು, ಹತ್ತು ವರ್ಷ ಅನ್ನೋ ಮಾತು ಸಂವಿಧಾನದಲ್ಲಿ ಇತ್ತು. ಎಲ್ಲಿತ್ತು ಅಂತ ನೋಡೋಣ, ಬಾ.”

ಹುಡುಗ ಜಗಳಕ್ಕೆ ಸಿದ್ಧನಾಗಿ ಬಂದಿರುತ್ತಾನೆ. ಮೇಡಂ ‘ಹೌದು’ ಎಂದುಬಿಟ್ಟರೆ ಅರ್ಧ ಗಾಳಿ ಅಲ್ಲೇ ಇಳಿಯುತ್ತದೆ. ಸಂವಿಧಾನದ ಪುಸ್ತಕ ಅವನ ಕೈಗೇ ಕೊಡಿ. 334ನೇ ವಿಧಿಯನ್ನು ಅವನೇ ಗಟ್ಟಿಯಾಗಿ ಓದಲಿ. ಈಗಿನ ಮುದ್ರಣದಲ್ಲಿ ಹತ್ತು ವರ್ಷ ಎಂದು ಸಿಗುವುದಿಲ್ಲ, ಎಂಬತ್ತು ವರ್ಷ ಎಂದಿರುತ್ತದೆ. ಇದನ್ನು ನೀವು ಮೊದಲೇ ನೋಡಿಕೊಂಡು ಹೋಗಿ, ಇಲ್ಲದಿದ್ದರೆ ಕ್ಲಾಸಿನಲ್ಲಿ ತಬ್ಬಿಬ್ಬಾಗುತ್ತೀರಿ. 1950ರಲ್ಲಿ ಇದ್ದದ್ದು ಹತ್ತೇ. ಪ್ರತಿ ಹತ್ತು ವರ್ಷಕ್ಕೊಮ್ಮೆ ತಿದ್ದುಪಡಿ ತಂದು ಮುಂದಕ್ಕೆ ಹಾಕುತ್ತ ಬಂದಿದ್ದಾರೆ. ಕೊನೆಯದು 2019ರ 104ನೇ ತಿದ್ದುಪಡಿ. ಅದರ ಪ್ರಕಾರ ಗಡುವು 2030ರ ಜನವರಿವರೆಗೆ ಇದೆ.

ಓದಿದ ಮೇಲೆ ಒಂದೇ ಪ್ರಶ್ನೆ ಕೇಳಿ: “ಇದು ಯಾವುದರ ಮೀಸಲಾತಿ ಅಂತ ಬರೆದಿದೆ?”

ಅವನು ಮತ್ತೆ ಓದುತ್ತಾನೆ. ಲೋಕಸಭೆ, ವಿಧಾನಸಭೆ. ಎಂ.ಪಿ., ಎಂ.ಎಲ್‌.ಎ. ಸೀಟುಗಳು. ಕಾಲೇಜು ಸೀಟು, ಸರ್ಕಾರಿ ಕೆಲಸ ಅಲ್ಲಿ ಇಲ್ಲ. ಅವು ಇರುವುದು 15(4) ಮತ್ತು 16(4)ರಲ್ಲಿ. ಅವನ್ನೂ ಅವನಿಂದಲೇ ಓದಿಸಿ. ಅಲ್ಲಿ ವರ್ಷದ ಮಾತೇ ಇಲ್ಲ. 16(4) ಮೊದಲಿನಿಂದ ಇತ್ತು. 15(4) ಬಂದದ್ದು 1951ರ ಮೊದಲನೇ ತಿದ್ದುಪಡಿಯಲ್ಲಿ. ಮದ್ರಾಸಿನ ಕಾಲೇಜು ಸೀಟುಗಳ ಬಗ್ಗೆ ಚಂಪಕಂ ದೊರೈರಾಜನ್ ಮೊಕದ್ದಮೆ ನಡೆದು ಸುಪ್ರೀಂ ಕೋರ್ಟ್ ಅಲ್ಲಿನ ಸರ್ಕಾರಿ ಆದೇಶವನ್ನು ರದ್ದು ಮಾಡಿದ ಮೇಲೆ.

ಎರಡು ಬೇರೆ ಬೇರೆ ಮೀಸಲಾತಿಗಳನ್ನು ಯಾರೋ ಒಂದೇ ಚೀಲಕ್ಕೆ ಹಾಕಿ ಹೊಲಿದಿದ್ದಾರೆ, ಅಷ್ಟೆ. ಹೊಲಿಗೆ ಬಿಚ್ಚುವ ಕೆಲಸ ಅವನೇ ಮಾಡಿದರೆ ಅದು ನೆನಪಿನಲ್ಲಿ ಉಳಿಯುತ್ತದೆ. ನಾವು ಬಿಚ್ಚಿ ತೋರಿಸಿದರೆ ನೋಟ್ಸ್‌ನಲ್ಲಿ ಉಳಿಯುತ್ತದೆ.

ಇಲ್ಲಿಗೆ ಮುಗಿಯುವುದಿಲ್ಲ. “ಆದ್ರೂ ಮೇಡಂ, ಇನ್ನೂ ಎಷ್ಟು ವರ್ಷ?” ಎಂದು ಮತ್ತೊಬ್ಬ ಕೇಳುತ್ತಾನೆ. ಗಮನಿಸಿ, ಈಗ ಪ್ರಶ್ನೆ ಬದಲಾಗಿದೆ. ಇದು ಅಭಿಪ್ರಾಯದ ಪ್ರಶ್ನೆ, ಕೇಳುವ ಹಕ್ಕು ಅವನಿಗಿದೆ. ನಾನು ಇಲ್ಲಿ ಮೈಸೂರು ಸಂಸ್ಥಾನದ ಕಥೆ ಹೇಳುತ್ತೇನೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸರ್ ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಸರ್ಕಾರಿ ಹುದ್ದೆಗಳಲ್ಲಿ ಹೆಚ್ಚುಪಾಲು ಒಂದೇ ಸಮುದಾಯದವರಿದ್ದಾರೆ, ಮಿಕ್ಕವರಿಗೆ ಹೇಗೆ ಅವಕಾಶ ಮಾಡುವುದು ಎಂದು ನೋಡುವುದು ಅದರ ಕೆಲಸ. ದಿವಾನ್ ವಿಶ್ವೇಶ್ವರಯ್ಯನವರಿಗೆ ಆ ದಾರಿ ಒಪ್ಪಿಗೆ ಇರಲಿಲ್ಲ. ಮಹಾರಾಜರು, ದಿವಾನರು ಇಬ್ಬರೂ ನಾಡಿಗೆ ಬೇಕಾದವರೇ. ಇಬ್ಬರ ವಾದವನ್ನೂ ಬೋರ್ಡಿನ ಎರಡು ಬದಿ ಬರೆಸುತ್ತೇನೆ. ಸಂವಿಧಾನ ಬರುವುದಕ್ಕೆ ಮೂವತ್ತು ವರ್ಷ ಮೊದಲೇ ನಮ್ಮ ಊರುಗಳಲ್ಲಿ ಈ ಜಗಳ ಇತ್ತು ಎಂದು ತಿಳಿದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಪೀರಿಯಡ್ ಮುಗಿಯುವಾಗ ಒಂದು ಮನೆಗೆಲಸ ಕೊಡುತ್ತೇನೆ. “ಮನೆಗೆ ಹೋಗಿ ನಿಮ್ಮ ಜಾತಿ ಪ್ರಮಾಣಪತ್ರ ತೆಗೆದು ನೋಡಿ. ಪ್ರವರ್ಗ 1, 2ಎ, 2ಬಿ, 3ಎ, 3ಬಿ, ಏನಾದ್ರೂ ಬರೆದಿದೆಯಾ ನೋಡಿ. ನನಗೆ ಹೇಳಬೇಡಿ. ಯಾರಿಗೂ ಹೇಳಬೇಡಿ.” ‘ಅವರಿಗೆ ಮಾತ್ರ ಸಿಗುತ್ತೆ’ ಎಂದು ಸಿಟ್ಟಾಗುವ ಎಷ್ಟೋ ಮಕ್ಕಳು ತಾವೇ ಹಿಂದುಳಿದ ವರ್ಗದ ಪಟ್ಟಿಯಲ್ಲಿರುತ್ತಾರೆ. ಅಪ್ಪ ತಾಲ್ಲೂಕು ಕಚೇರಿಗೆ ಅಲೆದು ಮಾಡಿಸಿದ್ದು, ಇವರು ಸಹಿ ಹಾಕಿದ್ದು, ಅಷ್ಟೇ ನೆನಪು. ಇದನ್ನು ಕ್ಲಾಸಿನಲ್ಲೇ ಕೇಳಿ ‘ಸಿಕ್ಕಿಬಿದ್ದ’ ಎನ್ನಿಸುವ ಆಸೆ ಆಗುತ್ತದೆ. ಬೇಡ. ಮೂರನೇ ಬೆಂಚಿನ ಹುಡುಗನ ವಿಷಯದಲ್ಲಿ ನಾನು ಮಾಡಿದ ತಪ್ಪೂ ಅದೇ ಬಗೆಯದು.

ಹೆಜ್ಜೆ 5: ಸುಮ್ಮನೆ ಕೂತಿರುವವರನ್ನು ನೋಡಿ

ಇದನ್ನು ಹೆಜ್ಜೆ ಎನ್ನಬೇಕೋ ಬೇಡವೋ ಗೊತ್ತಿಲ್ಲ. ಆದರೆ ನನಗೆ ಎಲ್ಲಕ್ಕಿಂತ ತಡವಾಗಿ ತಿಳಿದದ್ದು ಇದೇ.

ಒಮ್ಮೆ ಇದೇ ಚರ್ಚೆ ಜೋರಾಗಿ ನಡೆಯುತ್ತಿತ್ತು. ನನಗೂ ಉತ್ಸಾಹ. ಹುಡುಗರು ಮಾತಾಡುತ್ತಿದ್ದಾರೆ, ಪ್ರಶ್ನೆ ಕೇಳುತ್ತಿದ್ದಾರೆ, ಇನ್ನೇನು ಬೇಕು? ಎರಡನೇ ಬೆಂಚಿನ ಮೂಲೆಯಲ್ಲಿ ಒಬ್ಬಳು ತಲೆ ತಗ್ಗಿಸಿ ಪುಸ್ತಕದ ಅಂಚಿನಲ್ಲಿ ಗೆರೆ ಎಳೆಯುತ್ತಿದ್ದಳು. ಒಂದರ ಪಕ್ಕ ಒಂದು, ಪೆನ್ನು ಒತ್ತಿ. ಬೆಲ್ಲು ಹೊಡೆದಾಗ ಆ ಹಾಳೆ ಹರಿದುಹೋಗಿತ್ತು. ಚೆನ್ನಾಗಿ ಓದುವ ಹುಡುಗಿ. ಅವಳ ಸ್ಕಾಲರ್‌ಶಿಪ್ ಅರ್ಜಿಗೆ ಸಹಿ ಹಾಕಿದ್ದು ನಾನೇ. ಅವಳ ಮನೆಯ ಕಥೆಯೂ ನನಗೆ ಗೊತ್ತಿತ್ತು.

ಒಬ್ಬರಿಗೆ ಚರ್ಚೆ ಎಂದು ಕಂಡದ್ದು ಇನ್ನೊಬ್ಬರಿಗೆ ಅವರ ಬದುಕಿನ ವಿಚಾರಣೆ ಆಗಿರಬಹುದು. ಹಾಗಾಗಿ ಈಗ ಮೂರು ನಿಯಮ ಇಟ್ಟುಕೊಂಡಿದ್ದೇನೆ. ಯಾವ ಸಮುದಾಯದ ವಿಷಯ ಬಂದರೂ ಆ ಸಮುದಾಯದ ವಿದ್ಯಾರ್ಥಿಯ ಕಡೆ ತಿರುಗಿ “ನೀನು ಏನಂತೀಯಾ?” ಎಂದು ಕೇಳುವುದಿಲ್ಲ. ಸಮರ್ಥನೆಯ ಭಾರ ನನ್ನದು, ಅವರದಲ್ಲ. ಎರಡನೆಯದು, ‘ಮೆರಿಟ್ ಇಲ್ಲದವರು’ ಎಂಬಂಥ ಮಾತು ಬಂದರೆ ಅದನ್ನು ಅಲ್ಲೇ ಹಿಡಿಯುತ್ತೇನೆ: “ಯಾರ ಬಗ್ಗೆ ಹೇಳ್ತಿದ್ದೀಯಾ? ಕಟ್-ಆಫ್ ಬಗ್ಗೆ ಮಾತಾಡು, ಮನುಷ್ಯರ ಬಗ್ಗೆ ಬೇಡ.” ಮೂರನೆಯದು, ಇಂಥ ಕ್ಲಾಸು ಮುಗಿದ ಮೇಲೆ ತಕ್ಷಣ ಸ್ಟಾಫ್ ರೂಮಿಗೆ ಓಡುವುದಿಲ್ಲ. ಐದು ನಿಮಿಷ ಕಾರಿಡಾರಿನಲ್ಲೇ ನಿಲ್ಲುತ್ತೇನೆ. ಯಾರಾದರೂ ಬರುತ್ತಾರೆ. ಬರದಿದ್ದರೂ ನಿಂತಿದ್ದು ಅವರಿಗೆ ಕಾಣಿಸುತ್ತದೆ.

ಹೆಜ್ಜೆ 6: ‘ಹೇಗೆ’ ಎಂದು ಕೇಳಿ, ‘ಯಾಕೆ’ ಬೇಡ

“ಯಾಕೆ ಹಾಗಂತೀಯಾ?” ಎಂದರೆ ಹುಡುಗರು ಕಾರಣಗಳ ಮೂಟೆ ಬಿಚ್ಚುತ್ತಾರೆ, ಇನ್ನಷ್ಟು ಗಟ್ಟಿಯಾಗುತ್ತಾರೆ. “ಅದು ಹೇಗೆ ನಡೆಯುತ್ತೆ, ಒಂದೊಂದೇ ಹೇಳು” ಎಂದರೆ ನಡುವೆ ಎಲ್ಲೋ ನಿಲ್ಲುತ್ತಾರೆ. ರೊಜೆನ್‌ಬ್ಲಿಟ್ ಮತ್ತು ಕೀಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2002ರಲ್ಲಿ ಇದನ್ನೇ ತೋರಿಸಿದರು. ಜಿಪ್ಪು, ಬೀಗದಂಥ ದಿನನಿತ್ಯದ ವಸ್ತು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಲು ಕೂತಾಗ ಜನರಿಗೆ ತಮ್ಮ ತಿಳಿವಳಿಕೆಯ ಬಗ್ಗೆ ಇದ್ದ ಭರವಸೆ ತಾನಾಗಿ ಇಳಿಯಿತು.

ನಮ್ಮಲ್ಲಿ ಇದು ಚೆನ್ನಾಗಿ ಕೆಲಸ ಮಾಡುವುದು “ರಿಸರ್ವ್ ಬ್ಯಾಂಕ್ ನೋಟು ಪ್ರಿಂಟ್ ಮಾಡಿ ಎಲ್ಲರಿಗೂ ಹಂಚಿದ್ರೆ ಬಡತನ ಹೋಗಲ್ವಾ?” ಎನ್ನುವ ಪ್ರಶ್ನೆಗೆ. ಬಿ.ಕಾಂ. ಹುಡುಗರೇ ಕೇಳುತ್ತಾರೆ. “ಸರಿ, ನಿಮ್ಮ ಊರಲ್ಲಿ ಎಲ್ಲರಿಗೂ ಒಂದೊಂದು ಲಕ್ಷ ಬಂತು. ಸೋಮವಾರ ಸಂತೆ. ಟೊಮ್ಯಾಟೊ ಎಷ್ಟು ಕ್ರೇಟ್ ಬಂದಿದೆ?” “ಮಾಮೂಲಿ ಬರೋಷ್ಟೇ ಮೇಡಂ.” “ಕೊಳ್ಳೋರು?” ಅಷ್ಟರಲ್ಲಿ ಯಾರೋ ಒಬ್ಬ “ಅಯ್ಯೋ, ರೇಟು!” ಎನ್ನುತ್ತಾನೆ. ಆಮೇಲೆ ಜಿಂಬಾಬ್ವೆ 2009ರಲ್ಲಿ ಹೊರಡಿಸಿದ 100 ಟ್ರಿಲಿಯನ್ ಡಾಲರಿನ ನೋಟಿನ ಚಿತ್ರ ತೋರಿಸಿ. ಒಂದರ ಮುಂದೆ ಹದಿನಾಲ್ಕು ಸೊನ್ನೆ. ಎಣಿಸುವುದರಲ್ಲೇ ಪಾಠ ಮುಗಿಯುತ್ತದೆ.

ಹೆಜ್ಜೆ 7: ಮಾಡಿ ನೋಡಬಹುದಾದದ್ದನ್ನು ಮಾಡಿಸಿ

ಗ್ರಹಣದ ಹೊತ್ತಿನಲ್ಲಿ ಮಾತ್ರ ತಟ್ಟೆಯ ನೀರಿನಲ್ಲಿ ಒನಕೆ ನೆಟ್ಟಗೆ ನಿಲ್ಲುತ್ತದೆ ಎಂಬ ನಂಬಿಕೆ ಇದೆ. 2022ರ ಅಕ್ಟೋಬರ್ 25ರ ಸೂರ್ಯಗ್ರಹಣ ಆದ ಮೇಲೆ ಒಬ್ಬ ಹುಡುಗ ತನ್ನ ಅಜ್ಜಿ ನಿಲ್ಲಿಸಿದ ಒನಕೆಯ ವಿಡಿಯೊ ತಂದು ಫಿಸಿಕ್ಸ್ ಸರ್‌ಗೆ ತೋರಿಸಿದ. ಸರ್ ನಗಲಿಲ್ಲ. “ಒನಕೆ ನಿಂತಿದೆ, ನಿಜ. ಅದನ್ನು ಒಂದಿನ ಕಾಲೇಜಿಗೆ ತರ್ತೀಯಾ?” ಎಂದರು.

ಕೆಲವು ವಾರ ಬಿಟ್ಟು ಒಂದು ದಿನ ಅವನು ಬಸ್ಸಿನಲ್ಲಿ ಒನಕೆ ಹೊತ್ತು ತಂದ. ಕಂಡಕ್ಟರ್ ಲಗೇಜ್ ಟಿಕೆಟ್ ಕೊಟ್ಟನಂತೆ. ಸರ್ ಮೊದಲು ಎಲ್ಲರಿಂದ ಬರೆಸಿದರು: ಇವತ್ತು ಗ್ರಹಣ ಇಲ್ಲ, ಒನಕೆ ನಿಲ್ಲುತ್ತದೋ ಇಲ್ಲವೋ? ಹೀಗೆ ಮೊದಲೇ ಬರೆಸುವುದು ಮುಖ್ಯ. ಬರೆಯದಿದ್ದರೆ ಆಮೇಲೆ ಎಲ್ಲರೂ “ನಂಗೆ ಗೊತ್ತಿತ್ತು” ಎನ್ನುತ್ತಾರೆ. ತಟ್ಟೆ ಇಟ್ಟು, ನೀರು ಹಾಕಿ, ಹುಡುಗನೇ ನಿಲ್ಲಿಸಿದ. ಎರಡು ಸಲ ವಾಲಿತು. ಮೂರನೇ ಸಲ ನಿಂತಿತು. ತುದಿಯ ಕಬ್ಬಿಣದ ಬಳೆ ಸಮತಟ್ಟಾಗಿತ್ತು, ನೆಲ ಮಟ್ಟವಾಗಿತ್ತು, ಅಷ್ಟು ಸಾಕಿತ್ತು.

“ಹಂಗಾದ್ರೆ ನಮ್ಮಜ್ಜಿ ಹೇಳಿದ್ದು ಸುಳ್ಳಾ ಸಾರ್?” ಎಂದು ಹುಡುಗ ಕೇಳಿದ. ಸರ್ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. “ನಿಮ್ಮಜ್ಜಿ ನೋಡಿದ್ದು ನಿಜಾನೇ ಕಣಯ್ಯ. ಬೇರೆ ದಿನ ಯಾರೂ ನಿಲ್ಲಿಸಿ ನೋಡಿರಲಿಲ್ಲ, ಅಷ್ಟೆ.” ಅಜ್ಜಿಯ ಮರ್ಯಾದೆ ಉಳಿಯಿತು, ಪ್ರಯೋಗವೂ ಆಯಿತು. ಹುಡುಗನನ್ನು ಅಜ್ಜಿ ಮತ್ತು ಮೇಷ್ಟ್ರ ನಡುವೆ ಆರಿಸಿಕೋ ಎಂದು ನಿಲ್ಲಿಸಿದರೆ ಅವನು ಅಜ್ಜಿಯನ್ನೇ ಆರಿಸುತ್ತಾನೆ. ನಾನೂ ಅದನ್ನೇ ಮಾಡುತ್ತಿದ್ದೆ.

ಹೆಜ್ಜೆ 8: ಮೂಲಕ್ಕೆ ಹೋಗುವುದನ್ನು ಒಮ್ಮೆಯಾದರೂ ಪೂರ್ತಿ ಮಾಡಿ ತೋರಿಸಿ

“ಗೂಗಲ್ ಮಾಡಿ ನೋಡಿ” ಎಂದರೆ ಸಾಲದು. ಹುಡುಗರು ಮೊದಲು ಸಿಕ್ಕಿದ್ದನ್ನು ನಂಬುತ್ತಾರೆ. ಒಂದು ಪೂರ್ತಿ ಪೀರಿಯಡ್ ಇಟ್ಟು ಒಂದೇ ಫಾರ್ವರ್ಡನ್ನು ಬೆನ್ನಟ್ಟಿ. ನಾನು ಇಟ್ಟುಕೊಳ್ಳುವುದು ನನ್ನ ಮಾನ ಕಳೆದ ಆ ಮೆಕಾಲೆ ಮಾತನ್ನೇ.

ಫಾರ್ವರ್ಡಿನ ಕೆಳಗೆ ‘ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಮೆಕಾಲೆ, 2 ಫೆಬ್ರವರಿ 1835’ ಎಂದಿರುತ್ತದೆ. ಮಾತನ್ನು ಬಿಡಿ, ತಾರೀಕು ಮತ್ತು ಜಾಗ ಹಿಡಿಯಿರಿ ಎನ್ನುತ್ತೇನೆ. ಅವತ್ತು ಆ ಮನುಷ್ಯ ಎಲ್ಲಿದ್ದ? ಹತ್ತು ನಿಮಿಷದಲ್ಲಿ ಯಾರಾದರೂ ಹುಡುಕುತ್ತಾರೆ. ಮೆಕಾಲೆ 1834ರ ಜೂನ್‌ನಲ್ಲಿ ಮದ್ರಾಸಿಗೆ ಬಂದಿಳಿದ. ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರಿನ ಮೇಲೆ ಪಲ್ಲಕ್ಕಿಯಲ್ಲಿ ಊಟಿಗೆ ಹೋದ. ನಮ್ಮ ಊರುಗಳ ಮೇಲೆಯೇ ಹಾದುಹೋಗಿದ್ದಾನೆ ಎಂದರೆ ಹುಡುಗರಿಗೆ ಕುತೂಹಲ. ಆಮೇಲೆ ಕಲ್ಕತ್ತಾ ಸೇರಿದವನು ಇಂಗ್ಲೆಂಡಿಗೆ ವಾಪಸಾದದ್ದು 1838ರಲ್ಲಿ. ಮತ್ತೆ 1835ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಭಾಷಣ ಹೇಗೆ ಮಾಡಿದ?

ಇಲ್ಲಿಗೆ ನಿಲ್ಲಿಸಿಬಿಟ್ಟರೆ ಹುಡುಗರಿಗೆ ಮೋಸ. ಏಕೆಂದರೆ ಇಲ್ಲೂ ಕಾಳು ಇದೆ, ದೊಡ್ಡ ಕಾಳು. ಅದೇ 2 ಫೆಬ್ರವರಿ 1835ರಂದು ಮೆಕಾಲೆ ಕಲ್ಕತ್ತಾದಲ್ಲಿ ಶಿಕ್ಷಣದ ಬಗ್ಗೆ ಒಂದು ಟಿಪ್ಪಣಿ ಬರೆದ, ಅದು ನಿಜ. ಯುರೋಪಿನ ಒಂದು ಒಳ್ಳೆಯ ಗ್ರಂಥಾಲಯದ ಒಂದೇ ಕಪಾಟಿನ ಸಾಲು ಭಾರತ ಮತ್ತು ಅರೇಬಿಯದ ಇಡೀ ಸಾಹಿತ್ಯಕ್ಕೆ ಸಮ ಎಂಬ ಅರ್ಥದ ಮಾತು ಅದರಲ್ಲಿದೆ. ಪಂಪ, ಕುಮಾರವ್ಯಾಸ, ವಚನಕಾರರು, ಎಲ್ಲರನ್ನೂ ಸೇರಿಸಿ ಒಂದು ಸಾಲಿಗೆ ಸಮ! ಸಿಟ್ಟು ಮಾಡಿಕೊಳ್ಳಲು ಇದಕ್ಕಿಂತ ಬೇರೆ ಬೇಕಾ? ಹುಡುಗರ ಸಿಟ್ಟು ಸರಿಯಾಗಿಯೇ ಇತ್ತು. ಅದಕ್ಕೆ ಹಚ್ಚಿದ್ದ ವಿಳಾಸ ತಪ್ಪಾಗಿತ್ತು. ಹೀಗೆ ಹೇಳಿದಾಗ ಅವರಿಗೆ ಏನನ್ನೋ ಕಳೆದುಕೊಂಡೆವು ಎನ್ನಿಸುವುದಿಲ್ಲ.

ಕೊನೆಗೆ ವೇದಿಕೆ ಮೇಲೆ ನಾನೇ ಅದನ್ನು ಓದಿದ್ದೆ ಎಂದೂ ಹೇಳುತ್ತೇನೆ. ನಗುತ್ತಾರೆ. ನಗಲಿ.

ಇದೇ ಥರದ್ದು ‘ನಾಸಾದವರು ಕಂಪ್ಯೂಟರಿಗೆ ಸಂಸ್ಕೃತವೇ ಶ್ರೇಷ್ಠ ಎಂದಿದ್ದಾರೆ’ ಎಂಬ ಮಾತು. 1985ರಲ್ಲಿ ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ ಎಂಬುವವರು ಒಂದು ಲೇಖನ ಬರೆದದ್ದು ನಿಜ. ಸಂಸ್ಕೃತ ವ್ಯಾಕರಣಕಾರರು ವಾಕ್ಯದ ಅರ್ಥ ಬಿಡಿಸುವ ರೀತಿಗೂ ಕೃತಕ ಬುದ್ಧಿಮತ್ತೆಯವರು ಮಾಡುವ ಕೆಲಸಕ್ಕೂ ಹೋಲಿಕೆ ಇದೆ ಎಂದು ಅದರಲ್ಲಿ ವಾದಿಸಿದ್ದರು. ಒಬ್ಬರ ಲೇಖನ ಇಡೀ ಸಂಸ್ಥೆಯ ತೀರ್ಪಾಗಿ ಊರೂರು ತಿರುಗಿತು. ಇದನ್ನು ಹುಡುಗರಿಗೇ ಬಿಡಿ, ಚೆನ್ನಾಗಿ ಬೆನ್ನಟ್ಟುತ್ತಾರೆ.

ಹೆಜ್ಜೆ 9: ಸುಳ್ಳನ್ನು ಬೋರ್ಡಿನ ಮೇಲೆ ಬರೆಯಬೇಡಿ

ಒಂದು ವರ್ಷ ‘ತಪ್ಪು ನಂಬಿಕೆಗಳು’ ಎಂದು ತಲೆಬರಹ ಹಾಕಿ ಆರನ್ನೂ ಬೋರ್ಡಿನ ಮೇಲೆ ದಪ್ಪಗೆ ಬರೆದೆ. ಒಬ್ಬ ಫೋಟೊ ಹೊಡೆದುಕೊಂಡ. ಸಂಜೆ ಕ್ಲಾಸ್ ಗ್ರೂಪಿನಲ್ಲಿ ಫೋಟೊ ಬಂತು, ಮೇಲಿನ ತಲೆಬರಹ ಕಟ್ಟಾಗಿತ್ತು. “ಇಂಪಾರ್ಟೆಂಟ್, ಮೇಡಂ ಬರೆಸಿದ್ದು” ಎಂದು ಬೇರೆ ಹಾಕಿದ್ದ! ನಿಜವನ್ನು ಬರೆಯಿರಿ. ಸುಳ್ಳನ್ನು ಬಾಯಲ್ಲಿ ಒಮ್ಮೆ ಹೇಳಿ, ಮತ್ತೆ ನಿಜಕ್ಕೆ ಬನ್ನಿ. ಪದೇ ಪದೇ ಕೇಳಿದ ಮಾತು ನಿಜ ಎನ್ನಿಸತೊಡಗುತ್ತದೆ ಎಂಬುದು 1977ರಿಂದಲೂ ಪ್ರಯೋಗಗಳಲ್ಲಿ ಕಂಡಿರುವ ಸಂಗತಿ.

ಹಾಗೆಂದು ತಿದ್ದುವುದಕ್ಕೇ ಹೆದರಬೇಡಿ. “ತಿದ್ದಿದ್ರೆ ಇನ್ನೂ ಹಟ ಹಿಡೀತಾರೆ, ಸುಮ್ನೆ ಬಿಟ್ಟುಬಿಡಿ” ಎಂದು ಸ್ಟಾಫ್ ರೂಮಿನಲ್ಲಿ ಹಿರಿಯರು ಹೇಳುತ್ತಾರೆ. 2010ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಕೆಲವರ ವಿಷಯದಲ್ಲಿ ಹಾಗೆ ಕಂಡಿತ್ತು. ಆಮೇಲೆ ವುಡ್ ಮತ್ತು ಪೋರ್ಟರ್ ಎಂಬುವವರು ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ 52 ವಿಷಯ ಇಟ್ಟು ನೋಡಿ 2019ರಲ್ಲಿ ಪ್ರಕಟಿಸಿದರು. ಹಾಗೆ ತಿರುಗಿ ಬೀಳುವುದು ಕಾಣಲೇ ಇಲ್ಲ ಎನ್ನುವಷ್ಟು ಅಪರೂಪ. ಮೇಷ್ಟ್ರುಗಳಲ್ಲೂ ಫಾರ್ವರ್ಡ್ ನಂಬಿಕೆಗಳಿವೆ, ಅಲ್ವಾ?

ಹೆಜ್ಜೆ 10: ಮಾರ್ಕ್ಸು ಮತ್ತು ಮೊಬೈಲು

ಇಂಟರ್ನಲ್ ಮಾರ್ಕ್ಸ್ ನಿಮ್ಮ ಕೈಯಲ್ಲಿದೆ ಎಂದು ಹುಡುಗರಿಗೆ ಚೆನ್ನಾಗಿ ಗೊತ್ತು. ನಿಮ್ಮ ಅಭಿಪ್ರಾಯವನ್ನೇ ನಿಮಗೆ ವಾಪಸ್ ಬರೆದು ಕೊಡುತ್ತಾರೆ. ಆದ್ದರಿಂದ ಮೊದಲೇ ಹೇಳಿ, ಮಾರ್ಕ್ಸ್ ಅಭಿಪ್ರಾಯಕ್ಕಲ್ಲ, ಆಧಾರಕ್ಕೆ. ಬಾಯಲ್ಲಿ ಹೇಳಿದರೆ ನಂಬುವುದಿಲ್ಲ. ನಿಮಗೆ ಒಪ್ಪಿಗೆಯಿಲ್ಲದ ನಿಲುವಿಗೆ ಒಳ್ಳೆಯ ಮಾರ್ಕ್ಸ್ ಕೊಟ್ಟ ಒಂದು ಉತ್ತರವನ್ನು, ಹೆಸರು ಹೇಳದೆ, ಓದಿ ತೋರಿಸಿ. ನನ್ನ ಅಸೈನ್‌ಮೆಂಟಿನಲ್ಲಿ ಒಂದು ಪ್ರಶ್ನೆ ಯಾವಾಗಲೂ ಇರುತ್ತದೆ: ನಿಮ್ಮ ವಿರುದ್ಧ ಇರುವವರ ಅತಿ ಬಲವಾದ ವಾದ ಯಾವುದು? ಅವರು ಓದಿದರೆ ‘ಹೌದು, ನಾನು ಹೇಳುವುದು ಇದೇ’ ಎನ್ನಬೇಕು, ಹಾಗೆ ಬರೆಯಿರಿ.

ಇನ್ನು ಮೊಬೈಲು. ನಿಮ್ಮ ಕ್ಲಾಸಿನ ಮೂವತ್ತು ಸೆಕೆಂಡು ಕತ್ತರಿಸಿಕೊಂಡು ಊರೆಲ್ಲ ಸುತ್ತಬಹುದು. ಹೆದರಿ ಪಾಠ ಬಿಡಬೇಡಿ. ವ್ಯಂಗ್ಯ ಬಿಡಿ. ವ್ಯಂಗ್ಯವನ್ನು ಕತ್ತರಿಸಿದರೆ ಉಲ್ಟಾ ಅರ್ಥ ಬರುತ್ತದೆ. ಯಾವ ಪಕ್ಷದ, ಯಾವ ನಾಯಕರ ಹೆಸರೂ ಉದಾಹರಣೆಗೆ ಬೇಡ. ಪಾಠದ ಯೋಜನೆಯಲ್ಲಿ ಆ ದಿನದ ವಿಷಯ ಮತ್ತು ಸಿಲಬಸ್ಸಿನ ಘಟಕ ಬರೆದಿಟ್ಟುಕೊಳ್ಳಿ. ವರ್ಷ ವರ್ಷ ಅರ್ಜಿ ಹಾಕಬೇಕಾದ ಅತಿಥಿ ಉಪನ್ಯಾಸಕರು ಇದನ್ನು ಇನ್ನೂ ಜಾಸ್ತಿ ನೋಡಿಕೊಳ್ಳಬೇಕು. ಬಿಸಿ ವಿಷಯದ ಕ್ಲಾಸು ಇದ್ದರೆ ಹಿಂದಿನ ದಿನ ವಿಭಾಗದ ಮುಖ್ಯಸ್ಥರ ಕಿವಿಗೆ ಹಾಕಿಡಿ.

ಹೆಜ್ಜೆ 11: ಚೀಟಿ ಮತ್ತೆ

ಕೊನೆಯ ವಾರ ಅದೇ ಆರು ವಾಕ್ಯ ಓದಿ, ಅದೇ ಥರ ಹೆಸರಿಲ್ಲದ ಚೀಟಿ ತೆಗೆದುಕೊಳ್ಳಿ. ಮೊದಲಿನ ಚೀಟಿಗಳ ಪಕ್ಕ ಇಟ್ಟು ನೋಡಿ. ಹಾಕಿ, ಹಿಂದಿ ಸುಲಭವಾಗಿ ಸರಿಹೋಗಿರುತ್ತವೆ. ಯುನೆಸ್ಕೊ ಮಾತ್ರ ಯಾಕೋ ಹಟ ಮಾಡುತ್ತದೆ. ಹಾಗೆ ಘೋಷಣೆಯನ್ನೇ ಮಾಡಿಲ್ಲ ಎಂದು ಎಷ್ಟು ಸಲ ಹೇಳಿದರೂ ಒಂದಷ್ಟು ಜನ ‘ನಿಜ’ ಎಂದೇ ಬರೆಯುತ್ತಾರೆ. ಮೀಸಲಾತಿಯ ಸಾಲಿನಲ್ಲಿ ಪೂರ್ತಿ ಬದಲಾವಣೆ ಎಂದೂ ಬರುವುದಿಲ್ಲ. ‘ಗೊತ್ತಿಲ್ಲ’ ಎಂದು ಬರೆಯುವವರು ಹೆಚ್ಚಾಗಿರುತ್ತಾರೆ. ಮೊದಲು ಇದನ್ನು ಸೋಲು ಎಂದುಕೊಳ್ಳುತ್ತಿದ್ದೆ. ಈಗ ಹಾಗನ್ನಿಸುವುದಿಲ್ಲ.

ಕಳೆದ ಸೆಮಿಸ್ಟರಿನ ಒಂದು ಚೀಟಿ ನನ್ನ ಡೈರಿಯಲ್ಲಿದೆ. ‘ಮೀಸಲಾತಿಗೆ ಹತ್ತು ವರ್ಷದ ಗಡುವು ಇತ್ತು’ ಎಂಬ ಸಾಲಿಗೆ ಮೊದಲು ‘ನಿಜ’ ಎಂದು ಬರೆದು ಹೊಡೆದುಹಾಕಿದ್ದಾರೆ. ಆಮೇಲೆ ‘ಸುಳ್ಳು’ ಎಂದು ಬರೆದು ಅದನ್ನೂ ಹೊಡೆದುಹಾಕಿದ್ದಾರೆ. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣಗೆ, ‘ಯಾವ ಮೀಸಲಾತಿಗೆ?’